ಈ ರೊಕ್ಕ ಇನ್ನ ಬರ್ತದೋ ಇಲ್ಲೋ: ದಿಲ್ಲಿಯ ಫಲಿತಾಂಶ ಮತ್ತು ಬಳ್ಳಾರಿ, ರಾಯಚೂರು, ಕೊಪ್ಪಳದ ಭಯಗಳು

2024ರ ಜೂನ್ 18ರಂದು ಪಿಎಂ ಕಿಸಾನ್ ಯೋಜನೆಯ 17ನೇ ಕಂತು ಬಿಡುಗಡೆಯಾಯಿತು. ರೈತರ ಖಾತೆಗೆ 2,000 ರೂಪಾಯಿ. ಅದೇ ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಕಂತು ಬಂದರೆ ಅದೂ 2,000 ರೂಪಾಯಿಯೇ. ಮೊದಲನೆಯದು ದಿಲ್ಲಿಯಿಂದ ವರ್ಷಕ್ಕೆ ಮೂರು ಸಲ ಬರುತ್ತದೆ, ಎರಡನೆಯದು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರಬೇಕು. ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಳಿಸಿದವರು ಯಾರು ಎಂದು ತಿಳಿಯಬೇಕಾದರೆ ಅಂಕಿಯ ಪಕ್ಕದಲ್ಲಿ ಅಚ್ಚಾದ ಇಂಗ್ಲಿಷ್ ಅಕ್ಷರಗಳ ಗಂಟು ಬಿಚ್ಚಬೇಕು. ಬ್ಯಾಂಕಿನ ಪ್ರಿಂಟರಿನಲ್ಲಿ ಶಾಯಿ ತೀರಿದ್ದರೆ ಅದೂ ಆಗದು.

ಹಾಗಾಗಿ, ಜೂನ್ 4ರಂದು ಲೋಕಸಭೆ ಚುನಾವಣೆಯ ಫಲಿತಾಂಶ ಬಂದ ಮೇಲೆ ನಮ್ಮ ಭಾಗದ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಪಾಳಿಯಲ್ಲಿ ಕೇಳಿಬರುವ "ಈ ರೊಕ್ಕ ಇನ್ನ ಬರ್ತದೋ ಇಲ್ಲೋ" ಎಂಬ ಮಾತನ್ನು ತಿಳಿಗೇಡಿತನ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆಯೇ ಬೇರೆ ಪ್ರಶ್ನೆಗಳೂ ಇವೆ. ಮೀಸಲಾತಿ ಉಳಿಯುತ್ತದಾ? ಉದ್ಯೋಗ ಖಾತ್ರಿ ಕೆಲಸ ಬಂದ್ ಆಗುತ್ತದಂತೆ, ಹೌದಾ? ತುಂಗಭದ್ರಾ ಡ್ಯಾಮಿನ ನೀರು ಇನ್ನು ಆಂಧ್ರದವರ ಪಾಲಾ? ನಮ್ಮ ಎಂಪಿ ವಿರೋಧ ಪಕ್ಷದವರು, ಏಮ್ಸ್ ಆಸ್ಪತ್ರೆ ಕೊಡುತ್ತಾರಾ?

ಇವೆಲ್ಲ ಹುಟ್ಟಿದ್ದು ಒಂದೇ ಫಲಿತಾಂಶದಿಂದ. ಆದರೆ ಪ್ರತಿಯೊಂದರ ಫೈಲು ಇರುವುದು ಬೇರೆ ಬೇರೆ ಮೇಜಿನ ಮೇಲೆ. ಕೆಲವು ಮೇಜುಗಳನ್ನು ಈ ಫಲಿತಾಂಶ ಮುಟ್ಟಿಯೇ ಇಲ್ಲ. ಕೆಲವನ್ನು ಜೋರಾಗಿಯೇ ಅಲುಗಾಡಿಸಿದೆ, ಆದರೆ ಆ ಕಡೆ ಯಾರೂ ನೋಡುತ್ತಿಲ್ಲ.

ಗೆದ್ದವರು ಯಾರು?

ಗೊಂದಲ ಶುರುವಾಗುವುದೇ ಇಲ್ಲಿಂದ. 2019ರಲ್ಲಿ ಬಿಜೆಪಿಗೆ 303 ಸ್ಥಾನಗಳಿದ್ದವು, ಈ ಸಲ 240. ಬಹುಮತಕ್ಕೆ 272 ಬೇಕು. ಚಂದ್ರಬಾಬು ನಾಯ್ಡು ಅವರ ತೆಲುಗುದೇಶಂನ 16, ನಿತೀಶ್ ಕುಮಾರ್ ಅವರ ಜೆಡಿಯುನ 12 ಮತ್ತು ಉಳಿದ ಮಿತ್ರರು ಸೇರಿ ಎನ್‌ಡಿಎ ಲೆಕ್ಕ 293ಕ್ಕೆ ಮುಟ್ಟಿತು. ನರೇಂದ್ರ ಮೋದಿ ಮೂರನೇ ಸಲ ಪ್ರಧಾನಿಯಾದರು. ಕಾಂಗ್ರೆಸ್ 99ಕ್ಕೆ ಏರಿತು. ಸೋತವರು ಗೆದ್ದಂತೆ, ಗೆದ್ದವರು ಸೋತಂತೆ ಮಾತಾಡಿದ್ದು ಅದಕ್ಕೇ.

ಕರ್ನಾಟಕದಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಆ ಒಂಬತ್ತರಲ್ಲಿ ಐದು ಬಂದದ್ದು ಕಲ್ಯಾಣ ಕರ್ನಾಟಕದಿಂದ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕ್ಷೇತ್ರಗಳು 2019ರಲ್ಲಿ ಬಿಜೆಪಿಯ ಕೈಯಲ್ಲಿದ್ದವು, ಈಗ ಐದೂ ಕಾಂಗ್ರೆಸ್ಸಿಗೆ. ರಾಯಚೂರಿನಿಂದ ಜಿ. ಕುಮಾರ ನಾಯಕ, ಕೊಪ್ಪಳದಿಂದ ರಾಜಶೇಖರ ಹಿಟ್ನಾಳ, ಬಳ್ಳಾರಿಯಿಂದ ಇ. ತುಕಾರಾಂ ಸಂಸತ್ತಿಗೆ ಹೋಗಿದ್ದಾರೆ.

ಅಂದರೆ ನಮ್ಮ ಎಂಪಿ ದಿಲ್ಲಿಯಲ್ಲಿ ವಿರೋಧ ಪಕ್ಷ, ಬೆಂಗಳೂರಿನಲ್ಲಿ ಆಡಳಿತ ಪಕ್ಷ. ಇದನ್ನು ಜನ ಎರಡು ಥರ ಓದುತ್ತಿದ್ದಾರೆ. ಒಂದು: "ದಿಲ್ಲಿ ಸರ್ಕಾರ ಊರುಗೋಲಿನ ಮೇಲೆ ನಿಂತಿದೆ, ಏನೂ ಮಾಡಲಾರದು." ಇನ್ನೊಂದು: "ಎದುರು ಪಕ್ಷದವರನ್ನು ಗೆಲ್ಲಿಸಿ ಕೆಟ್ಟೆವು, ಇನ್ನು ಐದು ವರ್ಷ ಏನೂ ಬರುವುದಿಲ್ಲ." ಎರಡೂ ಅರ್ಧ ಸತ್ಯ. ನಮ್ಮ ಹೊಟ್ಟೆಪಾಡಿನ ನಿರ್ಧಾರಗಳೆಲ್ಲ ಒಂದೇ ಕುರ್ಚಿಯಿಂದ ಹೊರಡುತ್ತವೆ ಎಂದು ಎರಡೂ ನಂಬಿಕೊಂಡಿವೆ.

ಗೃಹಲಕ್ಷ್ಮಿ: ಮೇಜು ಬೆಂಗಳೂರಿನದು, ಗಲ್ಲಾಪೆಟ್ಟಿಗೆಯ ಒಂದು ಕೀಲಿಕೈ ದಿಲ್ಲಿಯದು

ಗೃಹಲಕ್ಷ್ಮಿ, ಗೃಹಜ್ಯೋತಿ, ಶಕ್ತಿ, ಅನ್ನಭಾಗ್ಯ, ಯುವನಿಧಿ ಐದೂ ರಾಜ್ಯದ ಯೋಜನೆಗಳು. ವರ್ಷದ ಖರ್ಚು ಸುಮಾರು 52 ಸಾವಿರ ಕೋಟಿ ರೂಪಾಯಿ. ಲೋಕಸಭೆಯ ಫಲಿತಾಂಶಕ್ಕೂ ಇವುಗಳನ್ನು ನಿಲ್ಲಿಸುವ ಅಧಿಕಾರಕ್ಕೂ ಕಾನೂನಿನ ನಂಟೇ ಇಲ್ಲ.

ಭಯ ಹುಟ್ಟಿದ್ದು ರಾಜಕೀಯದಿಂದ. ಇಷ್ಟು ಕೊಟ್ಟರೂ ಒಂಬತ್ತೇ ಸ್ಥಾನವೇ ಎಂದು ಕಾಂಗ್ರೆಸ್ಸಿನೊಳಗೇ ಕೆಲವರು ಗೊಣಗಿದರು, ಗ್ಯಾರಂಟಿ ಮರುಪರಿಶೀಲನೆಯ ಮಾತು ಎತ್ತಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ನಿಲ್ಲಿಸುವುದಿಲ್ಲ ಎಂದರು. ಅಷ್ಟರಲ್ಲಿ ಜೂನ್ 15ಕ್ಕೆ ಪೆಟ್ರೋಲ್, ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಏರಿ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು ಎಂದು ಬಿಜೆಪಿ ಬೀದಿಗಿಳಿಯಿತು. ನೆರೆಯ ರಾಜ್ಯಗಳಿಗೆ ಹೋಲಿಸಿದರೆ ನಮ್ಮಲ್ಲಿ ಈಗಲೂ ಕಡಿಮೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು.

ದಿಲ್ಲಿಯ ಕೀಲಿಕೈ ಬರುವುದು ಈ ಜಾಗಕ್ಕೆ. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಇಡೀ ಸಂಪುಟ ಜಂತರ್ ಮಂತರ್‌ನಲ್ಲಿ ಕೂತದ್ದು ಇದಕ್ಕೇ. ಪಾಲು ನಿಗದಿ ಮಾಡುವುದು ಆಯೋಗ, ತನ್ನ ಕೈವಾಡವಿಲ್ಲ ಎಂದು ಕೇಂದ್ರ ಹೇಳುತ್ತದೆ. ಆ ಮಾತು ನಿಜ. ಆದರೆ ಆಯೋಗದ ಕೈಗೆ ಸಿಗದ ಸೆಸ್, ಸರ್ಚಾರ್ಜುಗಳನ್ನು ಏರಿಸುವುದು ಕೇಂದ್ರವೇ, ಅದೂ ನಿಜ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆಯಾಯಿತು. ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ.

ಅನ್ನಭಾಗ್ಯದ ಕಥೆಯೂ ಹೀಗೇ. 2023ರಲ್ಲಿ ಭಾರತೀಯ ಆಹಾರ ನಿಗಮ ರಾಜ್ಯಕ್ಕೆ ಅಕ್ಕಿ ಮಾರಲು ಒಪ್ಪಲಿಲ್ಲ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬೀಳತೊಡಗಿತು. ಭತ್ತದ ಕಣಜ ಎನ್ನಿಸಿಕೊಂಡ ಗಂಗಾವತಿಯ ಮಿಲ್ಲುಗಳ ಪಕ್ಕದ ಓಣಿಯಲ್ಲೇ ಆಗ ಪಡಿತರದ ಅಕ್ಕಿಗೆ ಬದಲಾಗಿ ರೊಕ್ಕ.

ಹಾಗಾದರೆ ಮುಂದೇನು? ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಗಳು 2021ರಿಂದ ಬಾಕಿ ಇವೆ, ವಿಧಾನಸಭೆ ಚುನಾವಣೆ 2028ಕ್ಕೆ. ಯಾವ ಸರ್ಕಾರವೂ ಇದರ ನಡುವೆ ಗೃಹಲಕ್ಷ್ಮಿ ರದ್ದು ಎಂದು ಆದೇಶ ಹೊರಡಿಸುವುದಿಲ್ಲ. ಆಗುವುದು ಬೇರೆ: ಕಂತು ತಡವಾಗುತ್ತದೆ, ಎರಡು ತಿಂಗಳದು ಒಟ್ಟಿಗೆ ಬರುತ್ತದೆ, ರೇಷನ್ ಕಾರ್ಡುಗಳ ಜರಡಿ ಹಿಡಿಯುವ ಕೆಲಸ ಶುರುವಾಗುತ್ತದೆ, ಆಧಾರ್ ಜೋಡಣೆ ಸರಿಯಿಲ್ಲ ಎಂದು ಹೆಸರು ಬೀಳುತ್ತದೆ. ಭಯಪಡುವುದಾದರೆ ಇದಕ್ಕೆ ಪಡಬೇಕು.

ಇಲ್ಲಿ ಒಂದು ಮಾತು. 2024ರ ಮೇ ಕೊನೆಯಲ್ಲಿ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಮುಂದೆ ಹೆಂಗಸರು ಸಾಲುಗಟ್ಟಿದ್ದರು. ಇಂಡಿಯಾ ಕೂಟ ಗೆದ್ದರೆ ತಿಂಗಳಿಗೆ 8,500 ರೂಪಾಯಿ ಬರುತ್ತದೆ, ಅಂಚೆ ಖಾತೆ ಇದ್ದವರಿಗೆ ಮೊದಲು ಎಂಬ ಸುದ್ದಿ ಹಬ್ಬಿತ್ತು. ವರ್ಷಕ್ಕೆ ಒಂದು ಲಕ್ಷ ಎಂಬ ಭರವಸೆ ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಇದ್ದದ್ದು ನಿಜ, ಅಂಚೆ ಖಾತೆಯ ಮಾತು ಯಾರು ಕಟ್ಟಿದ್ದೋ ತಿಳಿಯದು. ಆ ಸರ್ಕಾರ ಬರಲಿಲ್ಲ, ಆ ದುಡ್ಡೂ ಬರಲಿಲ್ಲ. ಆದರೆ ಬರದ ವರ್ಷ ಕಳೆದು ಕೂತ ಮನೆಯವರು ಅರ್ಧ ದಿನದ ಕೂಲಿ ಬಿಟ್ಟು ಪಾಳಿಗೆ ನಿಲ್ಲುವುದನ್ನು ಕಂಡು ನಗುವವರಿಗೆ ಆ ಮನೆಯ ಲೆಕ್ಕ ಗೊತ್ತಿಲ್ಲ.

ಮೀಸಲಾತಿ ಮತ್ತು 371(ಜೆ): 362ರ ಗೋಡೆ

ಬಳ್ಳಾರಿ, ರಾಯಚೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಲೋಕಸಭೆ ಕ್ಷೇತ್ರಗಳು. ಹೀಗಿರುವಾಗ ಸಂವಿಧಾನ ಬದಲಾಗುತ್ತದೆ ಎಂಬ ಮಾತು ಇಲ್ಲಿ ಮನೆ ಮನೆಗೆ ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 2024ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ಆಗಿನ ಸಂಸದ ಅನಂತಕುಮಾರ ಹೆಗಡೆ ಸಂವಿಧಾನ ತಿದ್ದುವುದಕ್ಕೆ 400 ಸ್ಥಾನ ಬೇಕು ಎಂಬ ಅರ್ಥದಲ್ಲಿ ಮಾತಾಡಿದರು. ಅದು ಅವರ ಸ್ವಂತ ಅಭಿಪ್ರಾಯ ಎಂದು ಪಕ್ಷ ದೂರ ಸರಿಯಿತು, ಅವರಿಗೆ ಟಿಕೆಟ್ ಕೊಡಲಿಲ್ಲ. ಮೀಸಲಾತಿಯನ್ನು ಯಾರೂ ಮುಟ್ಟಲಾರರು ಎಂದು ಪ್ರಧಾನಿ ಸಭೆ ಸಭೆಯಲ್ಲಿ ಹೇಳಿದರು. ಅಷ್ಟಾದರೂ ಬಾಣ ಬಿಟ್ಟಾಗಿತ್ತು.

ಲೆಕ್ಕ ಹೀಗಿದೆ. ಸಂವಿಧಾನದ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು, ಜತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಪಾಲು ಬೇಕು. ಲೋಕಸಭೆಯ 543 ಮಂದಿಯೂ ಹಾಜರಿದ್ದರೆ 362 ಮತ. ಎನ್‌ಡಿಎಗೆ 69 ಕಡಿಮೆ. ಕೂಟದೊಳಗಿನ ಪಕ್ಷಗಳೆಲ್ಲ ಇದಕ್ಕೆ ಕೈ ಎತ್ತುತ್ತವೆಯೇ? ನಾಯ್ಡು ಆಂಧ್ರದ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ಉಳಿಸುತ್ತೇನೆ ಎಂದು ಹೇಳಿಕೊಂಡೇ ಗೆದ್ದವರು.

ಎದುರು ಪಕ್ಷಗಳೂ ಒಪ್ಪಿದರೆ ಮಾತು ಬೇರೆ. 2019ರ ಜನವರಿಯಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10ರ ಮೀಸಲಾತಿ ಕೊಡುವ ತಿದ್ದುಪಡಿ ಎರಡು ದಿನದಲ್ಲಿ ಎರಡೂ ಸದನ ದಾಟಿತು. ಗೋಡೆ ಎತ್ತರದ್ದೇ, ಎಲ್ಲರೂ ಸೇರಿ ಏಣಿ ಹಿಡಿದರೆ ಮಾತ್ರ ದಾಟಬಹುದು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ, ನಮ್ಮ ಭಾಗದ ಬೆನ್ನೆಲುಬಾದ 371(ಜೆ) ವಿಧಿ ಇರುವುದೂ ಇದೇ ಗೋಡೆಯ ಒಳಗೆ. ವಾಜಪೇಯಿ ಅವರ ಎನ್‌ಡಿಎ ಸರ್ಕಾರದಲ್ಲಿ ಗೃಹ ಸಚಿವ ಎಲ್.ಕೆ. ಅಡ್ವಾಣಿ ಈ ಬೇಡಿಕೆಯನ್ನು ಒಪ್ಪಿರಲಿಲ್ಲ. ಯುಪಿಎ ಕಾಲದಲ್ಲಿ, 2012ರ ಕೊನೆಗೆ, 98ನೇ ತಿದ್ದುಪಡಿಯಾಗಿ ಸಂಸತ್ತು ಅಂಗೀಕರಿಸಿತು. ಈಗಿನ ವಿಜಯನಗರವೂ ಸೇರಿ ಏಳು ಜಿಲ್ಲೆಗಳಿಗೆ ಅನ್ವಯ. ಸ್ಥಳೀಯ ವೃಂದದ ಎ ಕಿರಿಯ ಶ್ರೇಣಿ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಇಲ್ಲಿನವರಿಗೆ. ಉಳಿದ ರಾಜ್ಯದಲ್ಲಿ ಶೇ 8. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು.

2024ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಇದರ ವಿರುದ್ಧ ದನಿ ಎದ್ದಾಗ ಕಲಬುರಗಿಯಿಂದ ಬಳ್ಳಾರಿವರೆಗೆ ಸಿಟ್ಟು ಬಂತು. ಹೊಸ ಲೋಕಸಭೆ ಇದನ್ನು ಕಿತ್ತುಹಾಕುವುದು ಸಾಧ್ಯವಿಲ್ಲದ ಮಾತು. ಆದರೆ ವಿಧಿ ಸಂವಿಧಾನದಲ್ಲಿದ್ದರೂ ಅದರ ಆದೇಶಗಳನ್ನು, ಸುತ್ತೋಲೆಗಳನ್ನು ಬರೆಯುವುದು ಬೆಂಗಳೂರು. ಹುದ್ದೆ ತುಂಬಲು ಅಧಿಸೂಚನೆ ಹೊರಡಿಸುವುದೂ ಬೆಂಗಳೂರೇ. ಅಧಿಸೂಚನೆಯೇ ಹೊರಡದಿದ್ದರೆ ಸೊನ್ನೆಯಲ್ಲಿ ಶೇ 75 ಎಷ್ಟು? ದೇವದುರ್ಗದ ಶಾಲೆಯಲ್ಲಿ ಅತಿಥಿ ಶಿಕ್ಷಕರು, ಆಸ್ಪತ್ರೆಯಲ್ಲಿ ಹೊರಗುತ್ತಿಗೆ ನರ್ಸುಗಳು. ಹೊರಗುತ್ತಿಗೆಯಲ್ಲಿ ಹುದ್ದೆಯೂ ಕಾಯಂ ಇಲ್ಲ, 371(ಜೆ)ಯ ಹಿಡಿತವೂ ಸಡಿಲ. ಕಾಗದದ ಮೇಲೆ ಹಕ್ಕು ಹಾಗೇ ಇರುತ್ತದೆ, ಸೊರಗುವುದು ಒಳಗಿನಿಂದ. ಇದಕ್ಕೆ 362 ಮತ ಬೇಕಾಗಿಲ್ಲ, ಹಣಕಾಸು ಇಲಾಖೆಯ ಒಂದು ಟಿಪ್ಪಣಿ ಸಾಕು.

ಫಲಿತಾಂಶದ ದಿನವೇ ಇನ್ನೊಂದು ಫಲಿತಾಂಶ ಬಂತು, ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನದು. 67 ಮಂದಿಗೆ 720ಕ್ಕೆ 720. ಕೃಪಾಂಕ ಸಿಕ್ಕ 1,563 ಮಂದಿಯ ಅಂಕ ರದ್ದಾಗಿ ಅವರಿಗೆ ಜೂನ್ 23ರಂದು ಮರುಪರೀಕ್ಷೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಸೀಟುಗಳಲ್ಲಿ ಶೇ 70ರ ಪಾಲು ಕೊಡುವುದು 371(ಜೆ), ಆದರೆ ಆ ಬಾಗಿಲಿಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡಿರುವುದು ದಿಲ್ಲಿಯ ಪರೀಕ್ಷಾ ಸಂಸ್ಥೆ. ಈ ಮನೆಗಳ ಆತಂಕ ಮಾತ್ರ ಸರಿಯಾದ ವಿಳಾಸಕ್ಕೇ ಹೋಗಿದೆ.

ಉದ್ಯೋಗ ಖಾತ್ರಿ: ಗದ್ದಲವಿಲ್ಲದ ಜಾಗ

ಸಂವಿಧಾನದ ಬಗ್ಗೆ ಇಷ್ಟು ಮಾತಾಯಿತು. ಆದರೆ 2024ರಲ್ಲಿ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತ್ರಿ ಸಂಸತ್ತು ಮಾಡಿದ ಸಾದಾ ಕಾಯ್ದೆ. ಅದನ್ನು ತಿದ್ದಲು, ಬದಲಿಸಲು ಸಾದಾ ಬಹುಮತ ಸಾಕು, ಅದು ಈ ಸರ್ಕಾರಕ್ಕಿದೆ. ಫಲಿತಾಂಶ ನಿಜಕ್ಕೂ ಮುಟ್ಟುವ ಜಾಗ ಇದು.

ಕಾಯ್ದೆಯನ್ನು ಮುಟ್ಟದೆಯೂ ಸಾಕಷ್ಟು ಮಾಡಬಹುದು. ಕರ್ನಾಟಕದಲ್ಲಿ ದಿನಗೂಲಿ 2024ರ ಏಪ್ರಿಲ್‌ನಲ್ಲಿ 316ರಿಂದ 349 ರೂಪಾಯಿಗೆ ಏರಿತು, ಒಳ್ಳೆಯದೇ. 2024ರ ಫೆಬ್ರುವರಿಯ ಮಧ್ಯಂತರ ಬಜೆಟ್ಟಿನಲ್ಲಿ ಇಡೀ ದೇಶಕ್ಕೆ ಇಟ್ಟದ್ದು 86,000 ಕೋಟಿ. ಹಿಂದಿನ ವರ್ಷದ ಪರಿಷ್ಕೃತ ಅಂದಾಜೂ ಅಷ್ಟೇ. ಕೂಲಿ ಏರಿ ದುಡ್ಡು ಅಷ್ಟೇ ಉಳಿದರೆ ಕೆಲಸದ ದಿನಗಳು ಕಡಿಮೆಯಾಗಲೇಬೇಕು. ವರ್ಷದ ಕೊನೆಗೆ ದುಡ್ಡು ತೀರುತ್ತದೆ, ಕೂಲಿ ತಡವಾಗುತ್ತದೆ. ಕೂಲಿಗೆ ತಿಂಗಳುಗಟ್ಟಲೆ ಕಾದವರು ಮುಂದಿನ ಸಲ ಅರ್ಜಿ ಹಾಕುವುದಿಲ್ಲ, ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಅರ್ಜಿ ಕಡಿಮೆಯಾದದ್ದು ಕಂಪ್ಯೂಟರಿನಲ್ಲಿ "ಬೇಡಿಕೆ ಇಳಿದಿದೆ" ಎಂದು ದಾಖಲಾಗುತ್ತದೆ. ಬೇಡಿಕೆಯೇ ಇಲ್ಲವಲ್ಲ ಎಂದು ಮುಂದಿನ ಬಜೆಟ್ಟಿನಲ್ಲಿ ದುಡ್ಡು ಏರುವುದಿಲ್ಲ. ಯಾರೂ ಯೋಜನೆ ರದ್ದು ಮಾಡಲಿಲ್ಲ, ಯೋಜನೆ ತಾನೇ ಬತ್ತಿತು.

ಹಾಜರಾತಿಯನ್ನೇ ನೋಡಿ. ಕೆರೆ ಹೂಳೆತ್ತುವ ಜಾಗದಲ್ಲಿ ಕೂಲಿ ತಂಡದ ಮೇಲ್ವಿಚಾರಕ, ಅಂದರೆ ಕಾಯಕ ಬಂಧು, ದಿನಕ್ಕೆ ಎರಡು ಸಲ ಕೂಲಿಕಾರರನ್ನು ನಿಲ್ಲಿಸಿ ಮೊಬೈಲ್ ಆ್ಯಪಿನಲ್ಲಿ ಫೋಟೊ ಏರಿಸಬೇಕು. ಕೆರೆಯಂಗಳ ತಗ್ಗು, ನೆಟ್‌ವರ್ಕ್ ಸಿಗುವುದು ಏರಿಯ ಮೇಲೆ. ಬೆಳಗಿನ ಫೋಟೊ ಹೋಗಿ ಮಧ್ಯಾಹ್ನದ್ದು ಹೋಗದಿದ್ದರೆ ಬುಟ್ಟಿ ಹೊತ್ತ ದಿನದ ಲೆಕ್ಕಕ್ಕೇ ಕುತ್ತು. ಕಳ್ಳ ಹಾಜರಾತಿ ತಡೆಯಲು ಇದು ಬೇಕು ಎಂಬ ಕೇಂದ್ರದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಜೆಸಿಬಿಯಲ್ಲಿ ಕೆಲಸ ಮುಗಿಸಿ ಜಾಬ್ ಕಾರ್ಡಿನಲ್ಲಿ ದುಡ್ಡು ಎತ್ತಿದ ಕಥೆಗಳು ಊರೂರಲ್ಲಿವೆ. ಆದರೆ ಕಳ್ಳನನ್ನು ಹಿಡಿಯಲು ಹಾಕಿದ ಬಲೆಗೆ ಹೆಚ್ಚಾಗಿ ಸಿಕ್ಕಿಬೀಳುವುದು ನೆಟ್‌ವರ್ಕ್ ಇಲ್ಲದ ತಾಂಡಾದವರು.

ಸಿಂಧನೂರಿನ ಕ್ಯಾಂಪುಗಳಲ್ಲಿ

ಒಂದೇ ಫಲಿತಾಂಶ ಒಂದೇ ತಾಲ್ಲೂಕಿನಲ್ಲಿ ಎರಡು ಥರ ಕೇಳಿಸುತ್ತದೆ ಎನ್ನುವುದಕ್ಕೆ ಸಿಂಧನೂರು ಸಾಕ್ಷಿ. ಇಲ್ಲಿನ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದು, ಸರ್ಕಾರವೇ ನೆಲೆಗೊಳಿಸಿದ ಬಂಗಾಳಿ ಕುಟುಂಬಗಳಿವೆ. ಹಲವರ ಪೌರತ್ವದ ಕಾಗದ ಇನ್ನೂ ಇತ್ಯರ್ಥವಾಗಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಗಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರು ಅರ್ಜಿ ಹಾಕಬಹುದು, ಮುಸ್ಲಿಮರು ಅದರಲ್ಲಿಲ್ಲ. ಮೋದಿ ಸರ್ಕಾರ ಮತ್ತೆ ಬಂದದ್ದು ಕ್ಯಾಂಪಿನವರಿಗೆ ಸಮಾಧಾನ. ಅರ್ಜಿ ಹಾಕಿದರೆ "ನಾನು ಹೊರಗಿನವನು" ಎಂದು ನಾನೇ ಬರೆದುಕೊಟ್ಟಂತೆ ಆಗುತ್ತದಲ್ಲ ಎಂಬ ಅಳುಕು ಅದರ ಒಳಗೇ ಇದೆ.

ಅಲ್ಲಿಂದ ಸ್ವಲ್ಪ ದೂರದ ಮುಸ್ಲಿಂ ಓಣಿಯಲ್ಲಿ ಅಜ್ಜನ ಕಾಲದ ಪಹಣಿ, ಶಾಲೆಯ ಟಿಸಿ ಹುಡುಕಿಡುವ ಕೆಲಸ ನಿಂತಿಲ್ಲ. ಅವರ ಹೆದರಿಕೆ ಈ ಕಾಯ್ದೆಗಿಂತ ಹೆಚ್ಚಾಗಿ ಇದರ ಜತೆ ರಾಷ್ಟ್ರೀಯ ಪೌರತ್ವ ನೋಂದಣಿ, ಅಂದರೆ ಎನ್‌ಆರ್‌ಸಿ, ಬಂದರೆ ಏನು ಎಂಬುದರ ಮೇಲಿದೆ. ಅಸ್ಸಾಂ ಬಿಟ್ಟು ಬೇರೆಲ್ಲೂ ಎನ್‌ಆರ್‌ಸಿ ಆದೇಶವಾಗಿಲ್ಲ. ಎನ್‌ಆರ್‌ಸಿ ಬೇಡ ಎಂದು 2020ರಲ್ಲಿ ನಿತೀಶ್ ಅವರ ಬಿಹಾರದ ವಿಧಾನಸಭೆಯೇ ನಿರ್ಣಯ ಮಾಡಿದೆ, ಅದೇ ನಿತೀಶ್ ಈಗ ದಿಲ್ಲಿಯ ಕಂಬ. ಸದ್ಯಕ್ಕೆ ಇದು ಮುಂದಕ್ಕೆ ಹೋಗುವ ಲಕ್ಷಣವಿಲ್ಲ. ಇನ್ನು ಮುಸ್ಲಿಮರ 2ಬಿ ಪ್ರವರ್ಗದ ಶೇ 4ರ ಮೀಸಲಾತಿ: 2023ರ ಮಾರ್ಚ್‌ನಲ್ಲಿ ಅದನ್ನು ತೆಗೆದದ್ದು ಆಗಿನ ರಾಜ್ಯ ಸರ್ಕಾರ, ವ್ಯಾಜ್ಯ ಇರುವುದು ಸುಪ್ರೀಂ ಕೋರ್ಟಿನಲ್ಲಿ. ಲೋಕಸಭೆಗೂ ಅದಕ್ಕೂ ನೇರ ನಂಟಿಲ್ಲ.

ದೇವದಾರಿ: ಮೊದಲ ಸಹಿಯ ಪೆಟ್ಟು

ಫಲಿತಾಂಶ ಬಂದ ಎರಡು ವಾರದೊಳಗೆ ಬಳ್ಳಾರಿ ಜಿಲ್ಲೆಗೆ ಸೀದಾ ಬಂದು ತಟ್ಟಿದ್ದು ಇದೊಂದೇ. ಎಚ್.ಡಿ. ಕುಮಾರಸ್ವಾಮಿ ಕೇಂದ್ರದ ಉಕ್ಕು ಮತ್ತು ಬೃಹತ್ ಕೈಗಾರಿಕೆ ಸಚಿವರಾದರು. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕುದುರೆಮುಖ ಕಂಪನಿ ಅಂದರೆ ಕೆಐಒಸಿಎಲ್‌ನ ಕಬ್ಬಿಣದ ಅದಿರು ಗಣಿಗಾರಿಕೆಯ ಫೈಲಿಗೆ ಮೊದಮೊದಲೇ ಸಹಿ ಬಿತ್ತು. ಸುಮಾರು 400 ಹೆಕ್ಟೇರ್ ಕಾಡು, ಕಡಿಯಬೇಕಾದ ಮರಗಳು ಸುಮಾರು 99 ಸಾವಿರ. ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನ ಜಮೀನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಕುದುರೆಮುಖದಲ್ಲಿ ಮಾಡಿದ ಹಾನಿಯ ಬಾಕಿ ಮೊದಲು ತೀರಲಿ ಎಂಬುದು ರಾಜ್ಯದ ಪಟ್ಟು.

ಕಂಪನಿಯ ಪರ ವಾದವೂ ಇದೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ಮುಚ್ಚಿತು, ಮಂಗಳೂರಿನ ಉಂಡೆ ಅದಿರಿನ ಘಟಕಕ್ಕೆ ಸ್ವಂತ ಅದಿರಿಲ್ಲ, ನೌಕರರು ಕಾಯುತ್ತಿದ್ದಾರೆ. ಸಂಡೂರಿನವರ ವಾದಕ್ಕೆ ನೆನಪೇ ಆಧಾರ. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಅದೇ ವರ್ಷ ಸುಪ್ರೀಂ ಕೋರ್ಟಿನ ಗಣಿ ನಿಷೇಧ. ಅದಕ್ಕೂ ಮೊದಲು ಲಾರಿಗಳ ಕೆಂಪು ದೂಳಿನಲ್ಲಿ ಜೋಳದ ತೆನೆಯ ಬಣ್ಣವೇ ಕಾಣದ ದಿನಗಳು.

ಕೇಂದ್ರ ಒಪ್ಪಿದರೂ ಕಾಡನ್ನು ಬಿಟ್ಟುಕೊಡುವ ಕೊನೆಯ ಆದೇಶ ರಾಜ್ಯದ್ದು. ಹಾಗಾಗಿ ಇದು ಹಗ್ಗಜಗ್ಗಾಟವಾಗಿ ಉಳಿಯುತ್ತದೆ, ಬಹುಶಃ ಕೋರ್ಟಿಗೂ ಹೋಗುತ್ತದೆ. ಫಲಿತಾಂಶ ಬೇರೆಯಾಗಿದ್ದರೂ ಗಣಿಯ ಕಣ್ಣು ದೇವದಾರಿಯ ಮೇಲೆ ಇರುತ್ತಿತ್ತು, ಫೈಲು ಇಷ್ಟು ಬೇಗ ಮೇಲೆ ಬರುತ್ತಿರಲಿಲ್ಲ ಅಷ್ಟೇ.

ಏಮ್ಸ್

ರಾಯಚೂರಿನಲ್ಲಿ 2022ರ ಮೇ 13ರಂದು ಏಮ್ಸ್‌ಗಾಗಿ ಧರಣಿ ಶುರುವಾಯಿತು, 2024ರ ಜೂನ್ ಹೊತ್ತಿಗೆ ಎರಡು ವರ್ಷ ದಾಟಿತ್ತು. ರಾಜ್ಯ ಶಿಫಾರಸು ಮಾಡಿದೆ, ಕೊಡಬೇಕಾದದ್ದು ಕೇಂದ್ರ. ಎದುರು ಪಕ್ಷದ ಎಂಪಿ ಎಂದು ಕೊಡುವುದಿಲ್ಲವೇ? 2019ರಿಂದ 2024ರವರೆಗೆ ರಾಯಚೂರಿನ ಎಂಪಿ ಬಿಜೆಪಿಯವರೇ ಆಗಿದ್ದರು, ಆಗಲೂ ಬರಲಿಲ್ಲ. ಐಐಟಿ ಧಾರವಾಡಕ್ಕೆ ಹೋದಾಗ ಸಮಾಧಾನಕ್ಕೆ ಐಐಐಟಿ ಸಿಕ್ಕಿತು. ಪಕ್ಷದ ಲೆಕ್ಕದಿಂದ ಇದಕ್ಕೆ ಉತ್ತರ ಸಿಗದು.

ಡ್ಯಾಮಿನ ನೀರು ಮತ್ತು ನಾಯ್ಡು ಅವರ 16

2023ರಲ್ಲಿ ಮುಂಗಾರು ಕೈಕೊಟ್ಟು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಭತ್ತ ಬೆಳೆಯುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸೀಮೆಗೆ ಎರಡನೇ ಬೆಳೆ ಇಲ್ಲ ಎಂದರೆ ಸಾಲದ ಕಂತು ಇಲ್ಲ, ಮದುವೆ ಮುಂದಕ್ಕೆ. ಈ ಗಾಯದ ಮೇಲೆ ಆಂಧ್ರದಲ್ಲಿ ನಾಯ್ಡು ಗೆದ್ದ, ಅವರ 16 ಸಂಸದರ ಮೇಲೆ ದಿಲ್ಲಿ ನಿಂತ ಸುದ್ದಿ ಬಂತು.

ಅನುಮಾನ ಸಹಜ. ತುಂಗಭದ್ರಾ ಮಂಡಳಿ 1953ರಲ್ಲಿ ಆಂಧ್ರ ರಾಜ್ಯ ರಚನೆಯ ಕಾಯ್ದೆಯ ಅಡಿ ಹುಟ್ಟಿದ್ದು, ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ. ಜಲಾಶಯವೂ ಬಳ್ಳಾರಿಯನ್ನು ಹಾದು ಅನಂತಪುರ, ಕರ್ನೂಲಿನ ಕಡೆ ಹೋಗುವ ಎಚ್‌ಎಲ್‌ಸಿ (ಮೇಲ್ಮಟ್ಟದ), ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಗಳೂ ಮಂಡಳಿಯ ಹಿಡಿತದಲ್ಲಿವೆ. ಹಾಗೆಂದು ಮಂಡಳಿ ಮನಸ್ಸಿಗೆ ಬಂದಂತೆ ನೀರು ಹಂಚಲಾರದು. ಯಾರಿಗೆಷ್ಟು ಎಂದು ಬಚಾವತ್ ನ್ಯಾಯಮಂಡಳಿ 1976ರಲ್ಲೇ ಕಟ್ಟಿಹಾಕಿದೆ. ಎಷ್ಟು ನೀರು ಬಂದರೂ ಅದೇ ಪ್ರಮಾಣದಲ್ಲಿ ಹಂಚಿಕೆ. ಸಂಸದರ ಸಂಖ್ಯೆ ಅದನ್ನು ಬದಲಿಸುವುದಿಲ್ಲ.

ಪೆಟ್ಟು ಬೀಳುವುದು ಮುಂದಿನ ಕಾಮಗಾರಿಗಳಿಗೆ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.788. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವುದು ಕರ್ನಾಟಕದ ಪ್ರಸ್ತಾವ. ಅದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. ಆಂಧ್ರ ಬಹುಕಾಲದಿಂದ ಕೇಳುತ್ತಿರುವುದು ಎಚ್‌ಎಲ್‌ಸಿಗೆ ಸಮಾನಾಂತರವಾಗಿ ಇನ್ನೊಂದು ಕಾಲುವೆ. ತೆಲಂಗಾಣದಲ್ಲಿ ಈಗ ಕಾಂಗ್ರೆಸ್ ಸರ್ಕಾರ, ಅಲ್ಲಿಂದ ಒಪ್ಪಿಗೆ ಸುಲಭವಾದೀತು. ದಿಲ್ಲಿಯ ಆಸರೆಗೆ ನಿಂತ ಆಂಧ್ರ ಮಾತ್ರ ನವಲಿಗೆ ಪ್ರತಿಯಾಗಿ ತನ್ನ ಕಾಲುವೆಯನ್ನು ಮೇಜಿನ ಮೇಲಿಡುತ್ತದೆ. ಇದು ಚೌಕಾಸಿ ಎಂದುಕೊಂಡರೆ ಕೆಟ್ಟ ಕಾಲವೇನಲ್ಲ. ದಿಲ್ಲಿಯಲ್ಲಿ ಮಾತು ನಡೆಯುವ ಮುಖ್ಯಮಂತ್ರಿಯ ಜತೆ ಒಪ್ಪಂದವಾದರೆ ಕೇಂದ್ರದ ಅನುಮತಿಗಳು ಬೇಗ ಬರುತ್ತವೆ. ಆದರೆ ಕಾಂಗ್ರೆಸ್ಸಿನ ರಾಜ್ಯ ಸರ್ಕಾರ ಎನ್‌ಡಿಎ ಮಿತ್ರನ ಜತೆ ಕೂತು ಕೊಟ್ಟು ತೆಗೆದುಕೊಳ್ಳುವ ಮನಸ್ಸು ಮಾಡಬೇಕು.

ಆಂಧ್ರವನ್ನು ಬೈಯುವ ಗದ್ದಲದಲ್ಲಿ ಮರೆತುಹೋಗುವ ಸಂಗತಿ ಒಂದಿದೆ. ಕೊಪ್ಪಳ, ರಾಯಚೂರಿಗೆ ನೀರುಣಿಸುವ ಎಡದಂಡೆ ಕಾಲುವೆ ಮಂಡಳಿಯದಲ್ಲ, ಪೂರ್ತಿ ಕರ್ನಾಟಕದ್ದು. ಮುನಿರಾಬಾದಿನಿಂದ ಹೊರಟ ನೀರು ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ಟುಗಳಿಗೆ, ಅಚ್ಚುಕಟ್ಟಿನ ಹೊರಗೆ ನಾಟಿಯಾದ ಭತ್ತಕ್ಕೆ ಹೋಗಿ, ಉಳಿದದ್ದು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಕೊನೆಭಾಗಕ್ಕೆ ಬರುತ್ತದೆ. ಪ್ರತಿ ವರ್ಷವೂ ರಸ್ತೆ ತಡೆ, ಪ್ರತಿ ವರ್ಷವೂ ಕಾಲುವೆಯ ಮೇಲೆ ಪೊಲೀಸ್ ಕಾವಲು. ಆಂಧ್ರಕ್ಕೂ ದಿಲ್ಲಿಗೂ ಇದರಲ್ಲಿ ಪಾಲಿಲ್ಲ.

2024ರ ಜುಲೈನಲ್ಲಿ ಎರಡು ಸುದ್ದಿ ಬರುವುದಿತ್ತು. ಹೊಸ ಸರ್ಕಾರದ ಪೂರ್ಣ ಬಜೆಟ್ಟಿನಲ್ಲಿ ಖಾತ್ರಿಯ 86,000 ಕೋಟಿ ಏರಿತೋ ಇಲ್ಲವೋ ಎಂಬುದು ಒಂದು. ಮಲೆನಾಡಿನಲ್ಲಿ ಮಳೆ ಹಿಡಿದು ಒಳಹರಿವು ಏರಿದರೆ ನೀರಾವರಿ ಸಲಹಾ ಸಮಿತಿ, ಅಂದರೆ ಐಸಿಸಿ, ಕಾಲುವೆಗೆ ನೀರು ಬಿಡುವ ದಿನ ಗೊತ್ತು ಮಾಡುವುದು ಇನ್ನೊಂದು. ಆ ಸಭೆಯಲ್ಲಿ ಕೂರುವವರು ನಮ್ಮದೇ ಜಿಲ್ಲೆಗಳ ಮಂತ್ರಿಗಳು, ಶಾಸಕರು. ಗೇಟು ಎತ್ತಿದ ಮೇಲೆ ಕೊನೆಭಾಗದ ರೈತರು ಮೈಲ್ 104ಕ್ಕೆ ಹೋಗಿ ಗೇಜಿನಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂದು ನೋಡುತ್ತಾರೆ. ಸಸಿ ಮಡಿ ಹಾಕುವುದೋ ಬೇಡವೋ ಎಂದು ತೀರ್ಮಾನವಾಗುವುದು ಆಮೇಲೆ.